ಪೈಥಾನ್ 2ರಿಂದ 3ಕ್ಕೆ: ಒಂದೇ ಕೋಡು, ಮೂರು ದಾರಿ

ಕನ್ನಡ ಪದಪಟ್ಟಿಯನ್ನು ಅಕಾರಾದಿಯಾಗಿ ಜೋಡಿಸಿ, ಬೇಕಾದ ಪದ ಹುಡುಕಿಕೊಡುವ ನನ್ನ ಕೋಡು ಸುಮಾರು 4,000 ಸಾಲಿನದು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2.7ನೇ ಆವೃತ್ತಿಯಲ್ಲಿ ಬರೆದದ್ದು. ಅದು ಪೈಥಾನ್ 3ರಲ್ಲಿ ಹಾಗೆಯೇ ಓಡುವುದಿಲ್ಲ. 2.7ರ ಬೆಂಬಲ 2015ಕ್ಕೇ ಮುಗಿಯಬೇಕಿತ್ತು. ಅದನ್ನು 2020ಕ್ಕೆ ಮುಂದೂಡಿದಾಗ ನಾನೂ ಕೆಲಸವನ್ನು ಮುಂದೂಡಿದೆ. ಗಡುವು ಹತ್ತಿರವಾದಾಗ ಮೂರು ಪ್ರತಿ ಮಾಡಿಕೊಂಡು ಒಂದೊಂದನ್ನು ಒಂದೊಂದು ದಾರಿಗೆ ಹಚ್ಚಿದೆ.

ಮೊದಲನೆಯದು 2ಟು3, ಪೈಥಾನ್ 2ರ ಕೋಡನ್ನು ತಾನೇ 3ಕ್ಕೆ ಬದಲಿಸುವ ಉಪಕರಣ. ಕೆಲವೇ ಕ್ಷಣಗಳಲ್ಲಿ ಪ್ರಿಂಟ್‌ಗಳಿಗೆಲ್ಲ ಆವರಣ ಬಂದವು, 3ರಲ್ಲಿ ಇಲ್ಲದ ‘ಹ್ಯಾಸ್‌ಕೀ’ ಎಂಬ ಹಳೆಯ ಆದೇಶ ಮಾಯವಾಯಿತು. ಆದರೆ ಭಾಗಾಕಾರವನ್ನು ಅದು ಮುಟ್ಟುವುದಿಲ್ಲ. ಪೈಥಾನ್ 2ರಲ್ಲಿ 7/2 ಎಂದರೆ 3, ಪೈಥಾನ್ 3ರಲ್ಲಿ 3.5. ಪಟ್ಟಿಯ ಸ್ಥಾನಕ್ಕೆ ಪೂರ್ಣಸಂಖ್ಯೆಯೇ ಬೇಕಾದ್ದರಿಂದ, ಪಟ್ಟಿಯನ್ನು ಅರ್ಧಕ್ಕೆ ಸೀಳುತ್ತ ಹುಡುಕುವ ನನ್ನ ಫಂಕ್ಷನ್ ಮೊದಲ ಪದಕ್ಕೇ ನಿಂತುಹೋಯಿತು. ಮೇಲಾಗಿ, ಬದಲಾದ ಕೋಡು 2ರಲ್ಲಿ ಓಡುವುದಿಲ್ಲ. ಹೊಳೆ ದಾಟಿದ ಮೇಲೆ ದೋಣಿಯನ್ನು ಸುಟ್ಟಂತೆ.

ಎರಡನೆಯ ದಾರಿ ಫ್ಯೂಚರೈಸ್, ಕೋಡು ಎರಡೂ ಆವೃತ್ತಿಗಳಲ್ಲಿ ಓಡುವಂತೆ ಬದಲಿಸುವ ಉಪಕರಣ. ಅದು ಎರಡು ಹಂತದಲ್ಲಿ ನಡೆಯುತ್ತದೆ. ಮೊದಲ ಹಂತ ಬಹಳ ಹಿಡಿಸಿತು. ಎರಡನೆಯ ಹಂತ ಎಲ್ಲೆಡೆ ‘ಓಲ್ಡ್‌ಡಿವ್’ (ಹಳೆಯ ರೀತಿಯ ಭಾಗಾಕಾರ ಮಾಡುವ ಫಂಕ್ಷನ್) ತುಂಬಿ ಕೋಡನ್ನು ಓದಲಾಗದಂತೆ ಮಾಡಿತು.

ಮೂರನೆಯದು ಸಿಕ್ಸ್, 2 ಮತ್ತು 3ರ ವ್ಯತ್ಯಾಸಗಳನ್ನು ಮರೆಮಾಡುವ ಲೈಬ್ರರಿ. ಇಲ್ಲಿ ತಿದ್ದುವವರು ನಾವೇ, ಒಂದೊಂದೇ ಫೈಲು. ಒಂದೇ ಕೋಡು ಎರಡೂ ಆವೃತ್ತಿಗಳಲ್ಲಿ ಓಡುತ್ತದೆ. ಸ್ಟ್ರಿಂಗಿನ (ಕೋಡಿನಲ್ಲಿ ಬರೆದ ಪಠ್ಯದ) ಮುಂದೆ ಅದು ಯೂನಿಕೋಡ್ ಎಂದು ತೋರಿಸುವ ‘ಯು’ ಅಕ್ಷರವನ್ನು 3.3ರಲ್ಲಿ ಮತ್ತೆ ಒಪ್ಪಿಕೊಂಡದ್ದು ಈ ದಾರಿಯನ್ನು ಎಷ್ಟು ಹಗುರ ಮಾಡಿತೆಂದರೆ, ಆ ನಿರ್ಧಾರ 2008ರ 3.0ರಲ್ಲೇ ಇರಬೇಕಿತ್ತು ಎನ್ನಿಸುತ್ತದೆ.

ಆದರೆ ಯಾವುದು ಬೈಟು (ಕಂಪ್ಯೂಟರ್ ಉಳಿಸಿಡುವ ಕಚ್ಚಾ ಸಂಖ್ಯೆ), ಯಾವುದು ಪಠ್ಯ ಎಂಬುದನ್ನು ಈ ಮೂರು ದಾರಿಗಳಲ್ಲಿ ಯಾವುದೂ ಹೇಳಿಕೊಡಲಿಲ್ಲ. ಪೈಥಾನ್ 2ರಲ್ಲಿ ‘ಕನ್ನಡ’ ಎಂಬ ಸಾದಾ ಸ್ಟ್ರಿಂಗಿನ ಉದ್ದ 15, ಅಂದರೆ ಯುಟಿಎಫ್-8 ಎಂಬ ಎನ್‌ಕೋಡಿಂಗ್‌ನಲ್ಲಿ (ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿಯಲ್ಲಿ) ಅದರ ಬೈಟುಗಳು. 3ರಲ್ಲಿ ಅದು 5: ಕ, ನ, ಹಲಂತ, ನ, ಡ. ಬೈಟೂ ಯೂನಿಕೋಡ್ ಪಠ್ಯವೂ ಬೆರೆತರೆ ಪೈಥಾನ್ 2 ಆ ಬೈಟುಗಳನ್ನು ಆಸ್ಕಿ (ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಹಳೆಯ ಎನ್‌ಕೋಡಿಂಗ್) ಎಂದೇ ಭಾವಿಸುತ್ತಿತ್ತು. ಇಂಗ್ಲಿಷಿನಲ್ಲಿ ನಡೆದುಹೋಗುತ್ತಿದ್ದ ಆ ತಪ್ಪು ಮೊದಲ ಕನ್ನಡ ಅಕ್ಷರಕ್ಕೇ ಮುಗ್ಗರಿಸುತ್ತಿತ್ತು. ಹಾಗಾಗಿ 2 ಮತ್ತು 3ರ ನಡುವಿನ ಈ ಒಡಕು ಬೇಕಿರಲಿಲ್ಲ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಅದು ಬೇಕೇ ಇತ್ತು. ಫೈಲು ತೆರೆಯುವ ಪ್ರತಿ ಜಾಗವನ್ನೂ ಕೈಯಾರೆ ನೋಡಿ, ಓದುವಾಗಲೇ ಪಠ್ಯವಾಗಿಸಿ, ಬರೆಯುವಾಗ ಮಾತ್ರ ಬೈಟಾಗಿಸಿದೆ. ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ ಹೆಸರಿಸದಿದ್ದರೆ ಪೈಥಾನ್ 3 ಕೂಡ ಎಡವಬಹುದು, ಹಾಗಾಗಿ ಆ ಹೆಸರನ್ನೂ ಕೋಡಿನಲ್ಲಿ ಬರೆದೆ.

ಕೊನೆಗೆ ಉಳಿಸಿಕೊಂಡದ್ದು ಸಿಕ್ಸ್‌ನ ಪ್ರತಿಯನ್ನು, ಅದಕ್ಕೆ ಫ್ಯೂಚರೈಸ್‌ನ ಮೊದಲ ಹಂತದ ತಿದ್ದುಪಡಿಗಳನ್ನು ಸೇರಿಸಿ. 2020ರ ನಂತರ ಸಿಕ್ಸ್‌ನ ಸಾಲುಗಳನ್ನು ಕಿತ್ತು ಹಾಕಲು ಒಂದು ಮಧ್ಯಾಹ್ನ ಸಾಕಾಯಿತು.