ಕಾರ್ ಪಾರ್ಕಿಂಗ್ ಗೋಡೆಗೆ ಶೆಲ್ಫ್ ಹೊಡೆಸುವ ಮುಂಚೆ ಇದನ್ನು ಓದಿ

ಬೆಂಗಳೂರಿನ ಒಂದು 30×40 ಸೈಟಿನ ಮನೆ. ನೆಲಮಹಡಿಯ ಪಾರ್ಕಿಂಗ್‌ನಲ್ಲಿ ಕಾರಿನ ಪಕ್ಕದ ಗೋಡೆಗೆ 8 ಅಡಿ ಉದ್ದ, 2 ಅಡಿ ಆಳದ ಶೆಲ್ಫ್ ಮಾಡಿಸಿದ್ದರು. 18 ಎಂಎಂ ಪ್ಲೈವುಡ್, ನಾಲ್ಕು ಎಲ್ ಬ್ರಾಕೆಟ್, ಪ್ಲಾಸ್ಟಿಕ್ ಪ್ಲಗ್ಗು, ಸ್ಕ್ರೂ. ಮನೆ ಕಟ್ಟಿದಾಗ ಉಳಿದ ಟೈಲ್ಸ್ ಬಾಕ್ಸ್, ಪೇಂಟ್ ಬಕೆಟ್, ಹಳೇ ಯುಪಿಎಸ್ ಬ್ಯಾಟರಿ ಎಲ್ಲವೂ ಮೇಲೇರಿದವು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಇಡೀ ಶೆಲ್ಫ್ ರಾತ್ರಿ ಹೊತ್ತು ಕಳಚಿ ಕಾರಿನ ಬಾನೆಟ್ ಮೇಲೆ ಬಿತ್ತು. ಬಾನೆಟ್, ಮುಂದಿನ ಗಾಜು, ಎಡಗಡೆ ಫೆಂಡರ್ ಹೋಯಿತು. ಬ್ಯಾಟರಿ ಒಡೆದು ಆ್ಯಸಿಡ್ ನೆಲಕ್ಕೆ ಹರಿಯಿತು. ಹಗಲಾಗಿದ್ದರೆ ಅದು ಮಕ್ಕಳು ಸೈಕಲ್ ಎಳೆದುಕೊಳ್ಳುವ ಜಾಗ.

ಕಾರ್ಪೆಂಟರನ್ನು ಬೈದರೆ ಕಾರಣ ತಿಳಿಯುವುದಿಲ್ಲ. ಹಲಗೆ ಮುರಿದಿರಲಿಲ್ಲ, ಬ್ರಾಕೆಟ್ ಬಗ್ಗಿರಲಿಲ್ಲ. ಮೇಲಿನ ಪ್ಲಗ್ಗುಗಳು ಇಡಿಯಾಗಿ ಈಚೆ ಬಂದಿದ್ದವು, ಒಂದೊಂದರ ಸುತ್ತ ಬಟ್ಟಲಗಲ ಗಾರೆ ಎದ್ದಿತ್ತು. ತೂತಿನೊಳಗೆ ಟಾರ್ಚ್ ಬಿಟ್ಟರೆ ಕಂಡದ್ದು ಪೊಳ್ಳು. ಅದು 4 ಇಂಚಿನ ಹಾಲೋ ಬ್ಲಾಕ್ ಗೋಡೆ.

ಪಿಲ್ಲರ್, ಬೀಮ್ ಮೇಲೆ ನಿಂತ ಮನೆಗಳಲ್ಲಿ ಪಾರ್ಕಿಂಗ್‌ನ ಪಕ್ಕದ ಗೋಡೆ ಭಾರ ಹೊರುವುದಿಲ್ಲ. ಹಾಗಾಗಿ ಹಲವು ಬಿಲ್ಡರ್‌ಗಳು ಅಲ್ಲಿ 4 ಇಂಚಿನ ಬ್ಲಾಕ್ ಹಾಕಿ ಮುಗಿಸುತ್ತಾರೆ. 40 ಎಂಎಂ ಪ್ಲಗ್ ಹೊಡೆದರೆ ಅದರಲ್ಲಿ 15ರಿಂದ 18 ಎಂಎಂ ಗಾರೆಯಲ್ಲೇ ಕೂರುತ್ತದೆ, ಆ ಭಾಗದ ಹಿಡಿತವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಉಳಿದ 22ರಿಂದ 25 ಎಂಎಂ ಹಾಲೋ ಬ್ಲಾಕಿನ ತೆಳು ಹೊರಗೋಡೆಯಲ್ಲಿ. ಡ್ರಿಲ್ ಮಿಷನ್ ಹ್ಯಾಮರ್ ಮೋಡ್‌ನಲ್ಲಿದ್ದರೆ ಆ ಹೊರಗೋಡೆಯ ಒಳಮೈ ಆಗಲೇ ಚಕ್ಕೆ ಎದ್ದಿರುತ್ತದೆ.

ಈಗ ಭಾರದ ಲೆಕ್ಕ. 2×2 ಅಡಿ ವಿಟ್ರಿಫೈಡ್ ಟೈಲ್ಸಿನ ಒಂದು ಬಾಕ್ಸ್ ಸುಮಾರು 28 ಕೆಜಿ. ಮೂರು ಬಾಕ್ಸ್ ಎಂದರೆ 84. 150 ಎಎಚ್ ಟ್ಯೂಬುಲರ್ ಬ್ಯಾಟರಿ 55 ಕೆಜಿ ಆಸುಪಾಸು. ಮುಕ್ಕಾಲು ತುಂಬಿದ 20 ಲೀಟರ್ ಪೇಂಟ್ ಬಕೆಟ್ 20ಕ್ಕೂ ಹೆಚ್ಚು. ಹಲಗೆಯದ್ದೂ ಸೇರಿ 180 ಕೆಜಿ. ಇದಿಷ್ಟೂ ಗೋಡೆಯಿಂದ ಸರಾಸರಿ 12 ಇಂಚು ಮುಂದೆ ಕೂತಿದೆ ಅಂದುಕೊಳ್ಳಿ, ಬ್ರಾಕೆಟ್ ಗೋಡೆ ಮೇಲೆ 10 ಇಂಚು ಎತ್ತರ ಇದೆ ಅಂದುಕೊಳ್ಳಿ. ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಈಚೆಗೆ ಎಳೆಯುವ ಬಲ 180×12÷10, ಅಂದರೆ 216 ಕೆಜಿ. ನಾಲ್ಕು ಬ್ರಾಕೆಟ್‌ಗೆ ಹಂಚಿದರೆ ತಲಾ 54. ಆಗಾಗ ತೆಗೆಯಬೇಕು ಅಂತ ಭಾರದ್ದನ್ನೆಲ್ಲ ಮುಂದಕ್ಕೆ, 18 ಇಂಚಿಗೆ ಇಟ್ಟರೆ ಅದೇ ತಲಾ 81 ಆಗುತ್ತದೆ. ತೂಕ ಒಂದು ಗ್ರಾಮೂ ಹೆಚ್ಚಿಲ್ಲ, ಎಳೆತ ಮಾತ್ರ ಒಂದೂವರೆ ಪಟ್ಟು. ಆಳ ಕಡಿಮೆ ಇದ್ದಷ್ಟೂ ಗೋಡೆ ಬದುಕುತ್ತದೆ.

ಗೋಡೆ ಯಾವುದು ಅಂತ ಬಿಲ್ಡರ್ ಬಾಯಿಮಾತಿನ ಮೇಲೆ ನಂಬಬೇಡಿ. ಮೂಲೆಯಲ್ಲಿ, ಸ್ವಿಚ್ ಬೋರ್ಡಿನ ನೇರಕ್ಕೆ ಮೇಲೂ ಕೆಳಗೂ ಬಿಟ್ಟು (ವೈರಿನ ಪೈಪು ಅಲ್ಲೇ ಹೋಗಿರುತ್ತದೆ), ಹ್ಯಾಮರ್ ಆಫ್ ಮಾಡಿ 6 ಎಂಎಂ ಬಿಟ್‌ನಲ್ಲಿ ನಿಧಾನ ಒಂದು ತೂತು ಕೊರೆಯಿರಿ. ಗಾರೆ ದಾಟಿದ ಮೇಲೆ ಬರುವ ಪುಡಿ ಕೆಂಪಾಗಿದ್ದರೆ ಇಟ್ಟಿಗೆ. ಬೂದು ಬಣ್ಣದ ಒರಟು ಪುಡಿ, ಡ್ರಿಲ್ ಕಷ್ಟಪಟ್ಟು ಇಳಿಯುತ್ತಿದೆ ಅಂದರೆ ಸಾಲಿಡ್ ಬ್ಲಾಕ್. ನಡುವೆ ಬಿಟ್ ಜರ್ರನೆ ಒಳಗೆ ಹೋಯಿತು ಅಂದರೆ ಹಾಲೋ. ಬೆಣ್ಣೆಗೆ ಇಳಿದ ಹಾಗೆ ಇಳಿದು ಹಿಟ್ಟಿನಂಥ ಬಿಳಿ ಪುಡಿ ಬಂದರೆ ಎಎಸಿ, ಅಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಹಗುರ ಬ್ಲಾಕ್. ಎಎಸಿಗೆ ಸಾಮಾನ್ಯ ಆ್ಯಂಕರ್ ಬೋಲ್ಟ್ ಹಾಕಿ ಬಿಗಿದರೆ ಬ್ಲಾಕೇ ಸೀಳುತ್ತದೆ. ಹಾಲೋ ಗೋಡೆಗೆ ಜಾಲರಿ ಸ್ಲೀವ್ ಇರುವ ಕೆಮಿಕಲ್ ಆ್ಯಂಕರ್ (ತೂತಿಗೆ ಅಂಟು ತುಂಬಿ ಕೂರಿಸುವ ಬೋಲ್ಟ್), ಇಲ್ಲವೇ ಆ ಕಡೆಯಿಂದ ಪ್ಲೇಟ್ ಕೊಟ್ಟು ಆರಪಾರ ಬೋಲ್ಟ್. ಆ ಕಡೆ ಪಕ್ಕದ ಮನೆಯವರ ಜಾಗವಾದರೆ ಆ ದಾರಿ ಮುಚ್ಚಿತು.

ನಮ್ಮನ್ನು ಕೇಳಿದರೆ ಈ ಗೋಡೆಗಳ ಸಹವಾಸವೇ ಬೇಡ. ಭಾರವನ್ನು ನೆಲಕ್ಕೆ ಕೊಡಿ. 40×40 ಎಂಎಂ, 2 ಎಂಎಂ ದಪ್ಪದ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ಸಾಕು: 3 ಅಡಿ ಅಗಲ, 15 ಇಂಚು ಆಳ, ಆರೂವರೆ ಅಡಿ ಎತ್ತರ, ಐದು ತಟ್ಟೆ. ಮೂಲೆಗಳಿಗೆ ತ್ರಿಕೋನದ ಗಸೆಟ್ ಪ್ಲೇಟ್ ಹಾಕಿಸಿ, ಅದಿಲ್ಲದಿದ್ದರೆ ರ‍್ಯಾಕ್ ಪಕ್ಕಕ್ಕೆ ವಾಲುತ್ತದೆ. ಟೈಲ್ಸ್, ಬ್ಯಾಟರಿ ಕೆಳಗಿನ ತಟ್ಟೆಗೇ ಹೋಗಬೇಕು. ಎತ್ತರ ಆಳದ ಐದು ಪಟ್ಟು ಆಗುವುದರಿಂದ ಮೇಲ್ತುದಿಯನ್ನು ಎರಡು ಕಡೆ ಗೋಡೆಗೆ ಕಟ್ಟಿ. ಆ ಸ್ಕ್ರೂ ರ‍್ಯಾಕ್ ಮಗುಚದಂತೆ ತಡೆದರಾಯಿತು, ಭಾರ ಹೊರಬೇಕಾಗಿಲ್ಲ. ಪಾರ್ಕಿಂಗ್ ನೆಲ ಗೇಟಿನ ಕಡೆಗೆ ಇಳಿಜಾರಾಗಿರುತ್ತದೆ. ಕಾಲಿನ ಕೆಳಗೆ ತಗಡಿನ ತುಂಡು ಕೊಟ್ಟು ಮಟ್ಟಗೋಲಿಟ್ಟು ಸರಿಮಾಡಿದ ಮೇಲೆಯೇ ಬೋಲ್ಟ್ ಬಿಗಿಯಿರಿ.

2 ಅಡಿ ಆಳ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಕಾರೇ. 10 ಅಡಿ ಅಗಲದ ಪಾರ್ಕಿಂಗ್ ಅಂದರೆ 3048 ಎಂಎಂ. ಸ್ವಿಫ್ಟ್ ಅಗಲ, ಕನ್ನಡಿ ಬಿಟ್ಟು, 1735. ಉಳಿದ 1313ರಲ್ಲಿ 2 ಅಡಿ ರ‍್ಯಾಕ್ ತೆಗೆದರೆ ಎರಡೂ ಬದಿಗೆ ಸೇರಿ 700 ಎಂಎಂ ಚಿಲ್ಲರೆ. ಡ್ರೈವರ್ ಬಾಗಿಲಿಗೇ 600 ಬೇಕು. ಪಕ್ಕ ಕೂತವರು ಗೇಟಿನ ಹೊರಗೇ ಇಳಿಯಬೇಕು, ಮಳೆಯಲ್ಲೂ. 15 ಇಂಚಿನ ರ‍್ಯಾಕ್ ಆದರೆ 930 ಉಳಿಯುತ್ತದೆ. ಅಳತೆ ಕೊಡುವ ಮೊದಲು ಕಾರು ನಿಲ್ಲಿಸಿ, ಬಾಗಿಲುಗಳನ್ನೂ ಡಿಕ್ಕಿಯನ್ನೂ ಪೂರ್ತಿ ತೆರೆದು ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆಯಿರಿ.

ಬೆಂಗಳೂರಿನವರು ಮರೆಯುವ ದೊಡ್ಡ ವಿಷಯ ಸಂಪು. ಎಷ್ಟೋ ಮನೆಗಳಲ್ಲಿ ಅದು ಪಾರ್ಕಿಂಗ್ ನೆಲದಡಿಯೇ ಇರುತ್ತದೆ. ರ‍್ಯಾಕ್ ಮುಚ್ಚಳದ ಮೇಲೆ ಕೂತರೆ ಸಂಪು ತೊಳೆಸುವ ದಿನ ಎಲ್ಲ ಇಳಿಸಬೇಕು. ಅದಾದರೂ ಪರವಾಗಿಲ್ಲ, ರ‍್ಯಾಕ್ ಕಾಲನ್ನು ನೆಲಕ್ಕೆ ಬೋಲ್ಟ್ ಮಾಡುವಾಗ ಸಂಪಿನ ಸ್ಲ್ಯಾಬ್ ತೂತಾದರೆ ಕಾರು ತೊಳೆದ ನೀರು, ಆಯಿಲ್, ಮೇಲಿನ ಘಟನೆಯಂಥ ಆ್ಯಸಿಡ್ ಎಲ್ಲ ಕುಡಿಯುವ ನೀರಿಗೆ ದಾರಿ ಮಾಡಿಕೊಳ್ಳುತ್ತವೆ. ಸಂಪಿನ ಅಂಚನ್ನು ಪ್ಲಾನ್ ನೋಡಿ ಗುರುತು ಮಾಡಿ, ಅದರ ಮೇಲೆ ಡ್ರಿಲ್ಲೂ ಬೇಡ, ಭಾರದ ರ‍್ಯಾಕೂ ಬೇಡ. ಚೇಂಬರ್ ಮುಚ್ಚಳಗಳೂ ಹಾಗೇ.

ಮರದ ವಿಷಯ ಚಿಕ್ಕದು. ಪಾರ್ಟಿಕಲ್ ಬೋರ್ಡ್, ಎಂಡಿಎಫ್ ಪಾರ್ಕಿಂಗ್‌ಗೆ ಬೇಡವೇ ಬೇಡ: ಗೇಟಿನಿಂದ ಇರಚಲು ಹೊಡೆದರೆ ಅಂಚು ಊದಿ ಸ್ಕ್ರೂ ಸಡಿಲವಾಗುತ್ತದೆ. ಪ್ಲೈವುಡ್ ಆದರೆ ‘ವಾಟರ್‌ಪ್ರೂಫ್’ ಅನ್ನುವ ಮಾತು ಬಿಟ್ಟು ಶೀಟಿನ ಮೇಲೆ ಐಎಸ್ 710 (ಮರೈನ್ ಪ್ಲೈವುಡ್ಡಿನ ಮಾನದಂಡ) ಮುದ್ರೆ ಇದೆಯೇ ನೋಡಿ, ಕತ್ತರಿಸಿದ ಅಂಚಿಗೆಲ್ಲ ಪ್ರೈಮರ್ ಹೊಡೆಸಿ. ಕಬೋರ್ಡ್ ನೆಲಕ್ಕೆ ತಾಗಿದರೆ ಗೆದ್ದಲು ಹಿಂದಿನಿಂದ ಹತ್ತುತ್ತದೆ, ಕಾಣುವುದು ಬಾಗಿಲು ಕೈಗೆ ಬಂದಾಗಲೇ. 6 ಇಂಚು ಎತ್ತರದ ಸ್ಟೀಲ್ ಕಾಲು ಕೊಡಿ. 2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರ, ಸರ್ಜಾಪುರ ರಸ್ತೆ ಕಡೆ ಪಾರ್ಕಿಂಗ್‌ಗಳಿಗೆ ನುಗ್ಗಿದಂಥ ನೀರಿಗೆ ಈ 6 ಇಂಚು ಏನೂ ಅಲ್ಲ. ತಗ್ಗಿನ ಬಡಾವಣೆಯಾದರೆ ಕೆಳಗಿನ ತಟ್ಟೆಗೆ ಟೈಲ್ಸಿನಂಥ ನೆಂದರೂ ಕೆಡದ ಸಾಮಾನು ಮಾತ್ರ ಇಡಿ, ಬ್ಯಾಟರಿಯನ್ನು ಒಂದು ತಟ್ಟೆ ಮೇಲಕ್ಕೆ ಏರಿಸಿ.

ಕರೆಂಟ್ ಕೆಲಸವನ್ನು ಇದರ ಜತೆಗೇ ಮುಗಿಸುವವರಿಗೆ ಒಂದು ಮಾತು. ಇವಿ ಕಾರಿನ 15 ಆ್ಯಂಪ್ ಚಾರ್ಜರನ್ನು ಪಾರ್ಕಿಂಗ್ ಲೈಟಿನ ಲೈನಿಗೆ ಸೇರಿಸಿದರೆ 1.5 ಚದರ ಎಂಎಂ ವೈರು ಗಂಟೆಗಟ್ಟಲೆ ಕಾದು ಪೈಪಿನೊಳಗೇ ಸುಡಬಹುದು. ಡಿಬಿಯಿಂದಲೇ (ಮನೆಯ ಮುಖ್ಯ ಸ್ವಿಚ್ ಪೆಟ್ಟಿಗೆ) ಪ್ರತ್ಯೇಕ 4 ಚದರ ಎಂಎಂ ತಾಮ್ರದ ವೈರು, 20 ಆ್ಯಂಪ್ ಎಂಸಿಬಿ, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆ್ಯಂಪ್ ಆರ್‌ಸಿಸಿಬಿ, ಸರಿಯಾದ ಅರ್ತಿಂಗ್ ಬೇಕು. ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಇದ್ದರೆ ಚಾರ್ಜರೊಂದೇ ಅದನ್ನು ತಿನ್ನುತ್ತದೆ. ಚಾಲ್ತಿಯಲ್ಲಿರುವ ಯುಪಿಎಸ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಅದನ್ನು ಮುಚ್ಚಿದ ಕಬೋರ್ಡಿನಲ್ಲಿ ಥಿನ್ನರ್ ಡಬ್ಬದ ಪಕ್ಕ ಇಡಬೇಡಿ.

ಇನ್ಶೂರೆನ್ಸ್ ಇದೆಯಲ್ಲ ಅನ್ನಬಹುದು. ಥರ್ಡ್ ಪಾರ್ಟಿ ಪಾಲಿಸಿ ಮಾತ್ರ ಇದ್ದರೆ ಇಂಥ ನಷ್ಟಕ್ಕೆ ಬಿಡಿಗಾಸೂ ಬರುವುದಿಲ್ಲ. ಕಾಂಪ್ರಹೆನ್ಸಿವ್ ಇದ್ದು ಕ್ಲೇಮ್ ಮಾಡಿದರೂ 20ರಿಂದ 50 ಶೇಕಡಾವರೆಗಿನ ನೋ ಕ್ಲೇಮ್ ಬೋನಸ್ ಕೈತಪ್ಪುತ್ತದೆ.

ಕೊನೆಯ ಕಂತು ಕೊಡುವ ಮುನ್ನ ಕೆಲಸದವರ ಎದುರೇ ಭಾರ ಹಾಕಿ ನೋಡಿ. ನಡುವಿನ ತಟ್ಟೆಗೆ ತುಂಬಿದ 20 ಲೀಟರ್ ನೀರಿನ ಕ್ಯಾನ್ ಮೂರು ಇಟ್ಟು, ಕಾರನ್ನು ಹೊರಗೆ ನಿಲ್ಲಿಸಿ, ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಟ್ಟೆಯ ಮುಂದಿನ ಅಂಚಿಗೆ ತುದಿಯಿಂದ ತುದಿಗೆ ದಾರ ಬಿಗಿಯಾಗಿ ಹಿಡಿದು ಅಳೆಯಿರಿ. 3 ಅಡಿಗೆ 5 ಎಂಎಂಗಿಂತ ಹೆಚ್ಚು ಬಗ್ಗಿದ್ದರೆ ತಗಡು ತೆಳು, ತಟ್ಟೆಯ ಕೆಳಗೆ ಒಂದು ಆ್ಯಂಗಲ್ ಸೇರಿಸಲು ಹೇಳಿ. ಗೋಡೆಗೆ ಕಟ್ಟಿದ ಜಾಗದಲ್ಲಿ ಗಾರೆಗೆ ಕೂದಲೆಳೆ ಬಿರುಕು ಬಂದಿದ್ದರೆ ದುಡ್ಡು ತಡೆಹಿಡಿಯಿರಿ.