ಹದಿನಾಲ್ಕು ಮನೆಗಳ ಮಾತ್ರೆ ಡಬ್ಬಿ: ಒಂದು ಮಳೆಗಾಲದ ಬಳಕೆಯ ನಂತರ

ಶಿವಮೊಗ್ಗದ ದುರ್ಗಿಗುಡಿಯಲ್ಲಿ ಕೊಂಡ, ವಾರದ ಪ್ರತಿ ದಿನಕ್ಕೂ ಬೆಳಿಗ್ಗೆ ಮತ್ತು ರಾತ್ರಿಯ ಮನೆಗಳಿರುವ ಈ ಪ್ಲಾಸ್ಟಿಕ್ ಡಬ್ಬಿಯನ್ನು ಆಗುಂಬೆಯ ನಮ್ಮ ಮನೆಯಲ್ಲಿ ಮಳೆಗಾಲವಿಡೀ ಬಳಸಿದ್ದೇನೆ. ಮೂರ್ಛೆರೋಗಕ್ಕೆಂದು ಸೇವಿಸುತ್ತಿದ್ದ ಲೆವೆಟಿರಾಸೆಟಮ್‌ನಿಂದ ಸಿಡುಕು ಮತ್ತು ಖಿನ್ನತೆ ಹೆಚ್ಚಿದಾಗ (ಇವೆರಡೂ ಆ ಔಷಧಿಯ ತಿಳಿದಿರುವ ಅಡ್ಡಪರಿಣಾಮಗಳು) ವೈದ್ಯರು ಹಂತಹಂತವಾಗಿ ಸೋಡಿಯಂ ವ್ಯಾಲ್ಪ್ರೋಯೇಟ್‌ಗೆ ಬದಲಿಸಿದರು. ಮನಸ್ಸು ಕುಸಿದ ದಿನಗಳಲ್ಲಿ ಮಾತ್ರೆ ನುಂಗಿದೆನೋ ಇಲ್ಲವೋ ಎಂಬುದೇ ನೆನಪಿರುತ್ತಿರಲಿಲ್ಲ. ಹೊತ್ತು ತಪ್ಪಿದರೆ ಸೆಳವು ಬರಬಹುದೆಂಬ ಭಯದ ನಡುವೆ ಖಾಲಿಯಾದ ಮನೆಯೊಂದನ್ನು ಕಂಡಾಗ ಸಿಗುವ ನೆಮ್ಮದಿ ಬಹಳ ದೊಡ್ಡದು. ಆದರೆ ಮುಚ್ಚಳ ಬಿಗಿಯಾಗಿಲ್ಲ. ಆಷಾಢದ ಥಂಡಿಯಲ್ಲಿ, ಹಾಳೆಯಿಂದ ಬಿಡಿಸಿಟ್ಟ ವ್ಯಾಲ್ಪ್ರೋಯೇಟ್ ಮಾತ್ರೆಗಳು ತೇವ ಹೀರಿ ಬೆರಳಿಗೆ ಅಂಟಿದವು. ಈಗ ಹಾಳೆ ಸಮೇತ ಕತ್ತರಿಸಿಡುತ್ತೇನೆ. ಅಳಿಸಿಹೋದ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಅಮ್ಮ ಸೋಮ, ಮಂಗಳ ಎಂದು ಬರೆದುಕೊಟ್ಟಿದ್ದಾರೆ.