ಒಗಸವಾರಾನಾ, ತಾಕೆತೋಮಿನಾ?

ಜಪಾನಿನ ಒಗಸವಾರಾ, ತಾಕೆತೋಮಿ ದ್ವೀಪಗಳಲ್ಲಿ ಯಾವುದಕ್ಕೆ ಹೋಗಲಿ ಅಂತ ವಿಜಯಪುರದ ಗೆಳೆಯ ಕೇಳಿದ್ದಾನೆ.

ಮೊದಲು ರಜೆ ಎಣಿಸಿಕೋ. ಒಗಸವಾರಾಕ್ಕೆ ವಿಮಾನವೇ ಇಲ್ಲ. ಟೋಕಿಯೊದಿಂದ ಸುಮಾರು 1,000 ಕಿ.ಮೀ., ಹಡಗಿನಲ್ಲಿ 24 ಗಂಟೆ. ಅದೂ ಸಾಮಾನ್ಯವಾಗಿ ವಾರಕ್ಕೊಂದೇ. ವಾಂತಿ ಆಗುವವರಿಗೆ ಬೇಡವೇ ಬೇಡ. ತಾಕೆತೋಮಿಗಾದರೆ ಪಕ್ಕದ ಇಶಿಗಾಕಿ ದ್ವೀಪದತನಕ ವಿಮಾನ, ಆಮೇಲೆ ದೋಣಿಯಲ್ಲಿ ಕಾಲು ಗಂಟೆ.

ಊರಿನ ಬದುಕು ನೋಡೋಕೆ ತಾಕೆತೋಮಿ ಸುಲಭ. ಕೆಂಪು ಹೆಂಚಿನ ಮನೆ, ಹವಳದ ಕಲ್ಲಿನ ಗೋಡೆ, ಬಿಳಿ ಮರಳಿನ ದಾರಿ. ಎಮ್ಮೆ ಗಾಡಿಯವನು ಮೂರು ತಂತಿಯ ಸಾನ್‌ಶಿನ್ ನುಡಿಸುತ್ತ ಹಾಡುತ್ತಾನೆ, ತಿರುವು ಎಮ್ಮೆಗೇ ಗೊತ್ತು. ನಮ್ಮ ಚಕ್ಕಡಿ ಎತ್ತುಗಳ ಹಾಗೇ ಅಲ್ವಾ!

ತಿಮಿಂಗಿಲ, ಕಾಡು ಬೇಕಿದ್ದರೆ ಒಗಸವಾರಾ. 1830ರಲ್ಲಿ ಹವಾಯಿಯಿಂದ ಬಂದು ನೆಲೆಸಿದವರ ವಂಶದವರೂ ಅಲ್ಲಿದ್ದಾರೆ.

ಸಸ್ಯಾಹಾರ? ಎರಡೂ ಕಡೆ ಕಷ್ಟ, ಸಾರಿನಲ್ಲೂ ಮೀನು. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಜಾಸ್ತಿನೇ ಕಟ್ಟಿಕೋ.